ಗಡಿಗೆಯಲ್ಲಿಟ್ಟ ಪೆಂಗ್ಬಾ

ಗಂಡ ಮಣಿಹಾರ್ ಸತ್ತ ಮೇಲೂ ಮೆಮ್ಚಾ ಲೋಕ್ತಾಕ್ ಸರೋವರ ಬಿಟ್ಟು ದಡಕ್ಕೆ ಹೋಗಲಿಲ್ಲ. ತೇಲುವ ಹುಲ್ಲುಗಡ್ಡೆಯ ಮೇಲೆ ಅವನು ಕಟ್ಟಿದ ಗುಡಿಸಲು, ಒಂದು ದೋಣಿ, ಒಂದು ಒಲೆ. ಒಬ್ಬಳಿಗೆ ಅಂತ ಅನ್ನ ಮಾಡುವುದು ಇನ್ನೂ ಕೈಗೆ ಬಂದಿರಲಿಲ್ಲ. ಮಿಕ್ಕಿದ್ದು ನೀರಿಗೆ.

ಕೆಳಗಡೆ ಅಣೆಕಟ್ಟು ಬಂದ ಮೇಲೆ ಹೊಳೆಯಿಂದ ಪೆಂಗ್ಬಾ ಮೀನು ಹತ್ತಿ ಬರುವುದು ನಿಂತಿತ್ತು. ಉಳಿದವು ನಿಂತ ನೀರಿನಲ್ಲಿ, ಕೊಳೆತ ಹುಲ್ಲಿನಡಿ ಬಾಳಲಿಲ್ಲ. ಪೆಂಗ್ಬಾ ಮುಗಿಯಿತು ಅಂದರೆ ಮಣಿಹಾರ್ ಒಪ್ಪುತ್ತಿರಲಿಲ್ಲ. ಬೆಟ್ಟದ ತೊರೆ ಬಂದು ಸೇರುವ ಬಾಯಲ್ಲಿ ಬಲೆ ಕಟ್ಟಿ, "ಇದೆ ಕಣೇ, ಒಂದಾದರೂ ಇದೆ" ಅನ್ನುತ್ತಿದ್ದ. ಊರೆಲ್ಲ ನಕ್ಕಿತು. ಮೆಮ್ಚಾನೂ ನಕ್ಕಿದ್ದಳು.

ಈಗ ಆ ಬಲೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಎತ್ತಿದರೆ, ಪೆಂಗ್ಬಾ. ಬೆಳ್ಳಗೆ, ಅಂಗೈಗಿಂತ ಉದ್ದ, ಜೀವ ಇತ್ತು. ಇದನ್ನು ಸಾಯಗೊಡಬಾರದು, ಅಷ್ಟೇ ಅವಳ ತಲೆಯಲ್ಲಿ. ಅವರ ಕಡೆ ಮದುವೆಯಲ್ಲಿ ಹೆಣ್ಣುಗಂಡಿನ ಹೆಸರಲ್ಲಿ ಜೋಡಿ ಕೊರವ ಮೀನು ನೀರಿಗೆ ಬಿಡುತ್ತಾರಲ್ಲ, ಅದನ್ನು ಅಲ್ಲಿಯವರೆಗೆ ಗಡಿಗೆಯಲ್ಲೇ ಇಡುವುದು. ಗೇಣು ನೀರಿದ್ದರೂ ಕೊರವ ಮೂತಿ ಮೇಲೆತ್ತಿ ಗಾಳಿ ಕುಡಿದುಕೊಂಡು ಇರುತ್ತದೆ. ಮೆಮ್ಚಾ ಇದನ್ನೂ ಹಾಗೇ ತಂದು ಗಡಿಗೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು.

ಪಕ್ಕದ ಗುಡಿಸಲಿನ ಲೈಪಾಕ್ಲೈ ದೋಣಿ ತಾಗಿಸಿ ಇಣುಕಿದಳು. "ಗಡಿಗೆಗೆ ಬಟ್ಟೆ ಕಟ್ಟಿದೀಯ! ಯಾರ ಮದುವೆ ಅಕ್ಕಾ, ನಿಂದೇನಾ?"

"ಹೂಂ, ನಿನ್ನ ಮಾವನ ಜೊತೆ. ಬಾಯಿ ಮುಚ್ಕೊಂಡು ನೋಡು."

ಬಟ್ಟೆ ಸರಿಸಿದಳು. ಲೈಪಾಕ್ಲೈಯ ನಗು ನಿಂತಿತು.

"ಪೆಂಗ್ಬಾ! ಅಯ್ಯೋ, ಅಡ್ಡ ಬಿದ್ದಿದೆಯಲ್ಲಕ್ಕಾ. ಇದೇನು ಕೊರವಾನಾ? ಹರಿಯೋ ನೀರಿನ ಮೀನು. ಗಡಿಗೇಲಿ ಅದಕ್ಕೆ ಉಸಿರು ಎಲ್ಲಿಂದ ಬರಬೇಕು?"

ಮೆಮ್ಚಾ ಗಡಿಗೆ ಎತ್ತಿ ದೋಣಿಯಲ್ಲಿಟ್ಟಳು. ದಾರಿಯುದ್ದಕ್ಕೂ ಹುಟ್ಟು ನಿಲ್ಲಿಸಿ ನಿಲ್ಲಿಸಿ ಸರೋವರದ ನೀರು ಮೊಗೆದು ಹಾಕಿದಳು. ಆ ನೀರೂ ನಾರುತ್ತಿತ್ತು.

ತೊರೆಬಾಯಲ್ಲಿ ಸೊಂಟದವರೆಗೆ ಇಳಿದು, ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮೂತಿಯನ್ನು ಹರಿವಿಗೆ ತಿರುಗಿಸಿದಳು. ಬಹಳ ಹೊತ್ತು ಏನೂ ಇಲ್ಲ. ಕಾಲು ಮರಗಟ್ಟಿತು. ಆಮೇಲೆ ಕಿವಿರು ಒಂದು ಸಲ ತೆರೆಯಿತು. ಇನ್ನೊಂದು ಸಲ.

ಬಲೆಯೊಳಗೆ ಬಿಟ್ಟರೆ ನಾಳೆಯೂ ನೋಡಬಹುದಿತ್ತು. ಮಾತಾಡಿಸಲು ಒಂದು ಜೀವ ಆಗುತ್ತಿತ್ತು. ಆದರೆ ಮಳೆ ಬಿದ್ದರೆ ಹುಲ್ಲುಗಡ್ಡೆ ತೇಲಿ ಬಂದು ಬಲೆಗೆ ತಗುಲುತ್ತದೆ, ನೀರು ನಿಲ್ಲುತ್ತದೆ. ಹೊರಗೆ, ತೊರೆಯ ಮೇಲ್ಬದಿಗೆ ಬಿಟ್ಟಳು. ಬಾಲ ಒಮ್ಮೆ ಅಂಗೈಗೆ ಬಡಿಯಿತು. ಮತ್ತೆ ಕಾಣಲಿಲ್ಲ.

ಅದಕ್ಕೂ ಜೊತೆಯಿಲ್ಲ ಅನ್ನುವುದು ದೋಣಿ ಹತ್ತಿದ ಮೇಲೆ ಹೊಳೆಯಿತು. ಒದ್ದೆ ಬಟ್ಟೆಯಲ್ಲೇ ಹುಟ್ಟು ಹಾಕುತ್ತಾ ಗುಡಿಸಲಿನ ಕಡೆ ಹೊರಟಳು.