ಕೋಚ್‌ಗೆ ಕೊಟ್ಟ ಮಾತು

ಮೊನ್ನೆ ಸೋಮವಾರ ನಮ್ಮ ಶಾಲೆಯ ರಗ್ಬಿ ಕೋಚ್, ಸ್ವಂತ ಮಗಳ ಹೆಸರು ಬರೆಯಲಾಗದೆ ನನ್ನ ಎದುರು ನಿಂತುಬಿಟ್ಟ.

ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ನಾನು ರಿಸೆಪ್ಶನಿಸ್ಟ್ ಅನ್ನುವುದು ನಿಮಗೆ ಗೊತ್ತೇ ಇದೆ. ಮಗಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಲು ಆತನಿಗೆ ಗೇಟ್‌ಪಾಸ್ ಬೇಕಿತ್ತು. ಫಾರಂ ಕೊಟ್ಟೆ. ವಿದ್ಯಾರ್ಥಿಯ ಹೆಸರು ಬರೆಯುವಲ್ಲಿ ಪೆನ್ನು ನಿಂತಿತು. "ಏನು ಕೋಚ್, ಮಗಳ ಹೆಸರಿನ ಸ್ಪೆಲ್ಲಿಂಗೂ ಬರೋದಿಲ್ವಾ?" ಎಂದು ನಕ್ಕೆ. ಆತ ನಗಲಿಲ್ಲ. ಪಕ್ಕದಲ್ಲಿದ್ದ ಏಳು ವರ್ಷದ ಎಲ್ಸಿ ತಲೆ ಎತ್ತದೆ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಅವಳಿಗೆ ಅದು ರೂಢಿಯಾಗಿಹೋಗಿತ್ತು.

ಈ ಕೋಚ್ ಡೀನ್‌ನನ್ನು (ಅಪ್ಪ-ಮಗಳ ಹೆಸರು ಬದಲಿಸಿದ್ದೇನೆ) ಹೋದ ವರ್ಷ ಇದೇ ಅಂಕಣದಲ್ಲಿ ಚೆನ್ನಾಗಿ ಗೇಲಿ ಮಾಡಿದ್ದೆ. ಶಕುಂತಲಾ ಎಂಬ ನನ್ನನ್ನು ಆತ ಸೋಮವಾರ ಶಾಂತಿ ಎನ್ನುತ್ತಾನೆ, ಬುಧವಾರ ಶರ್ಲಿ ಎನ್ನುತ್ತಾನೆ. ಈ ಬಿಳಿಯರಿಗೆ ನಮ್ಮ ಹೆಸರೆಂದರೆ ಅಷ್ಟು ಸಸಾರ ಎಂದು ಬರೆದೆ. ನೀವೂ ಓದಿ ನಕ್ಕಿರಿ. ಗಲ್ಫ್‌ನಲ್ಲಿರುವ ನಮಗೆ ಈ ಸಿಟ್ಟು ಬಹಳ ಬೇಗ ಬರುತ್ತದೆ, ಹೆಸರನ್ನು ಅರ್ಧ ಕತ್ತರಿಸಿ ಕೊಟ್ಟು ಕೊಟ್ಟು ಸಾಕಾಗಿದೆ. ಆದರೆ ಈತನಿಗೆ ಏನೋ ಕಾಯಿಲೆ ಇರಬಹುದು ಎಂದು ನನಗೆ ಒಂದು ದಿನವಾದರೂ ಹೊಳೆಯಬೇಡವೇ? ನಾಚಿಕೆಯಾಗುತ್ತದೆ.

ಎಲ್ಸಿ ನೀರು ಕುಡಿಯಲು ಹೋದಾಗ ಡೀನ್ ಕೌಂಟರಿಗೆ ಬಾಗಿ ಎಲ್ಲ ಹೇಳಿದ. ಇಂಗ್ಲೆಂಡಿನ ಉತ್ತರದಲ್ಲಿ ಒಂದು ಪುಟ್ಟ ಊರು. ಅಪ್ಪ ಬಿಸ್ಕತ್ತು ಕಾರ್ಖಾನೆಯಲ್ಲಿ, ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿನ ಹುಡುಗರಿಗೆ ಇದ್ದದ್ದು ಎರಡೇ, ಆ ಕಾರ್ಖಾನೆ ಇಲ್ಲವೇ ರಗ್ಬಿ ಲೀಗ್. (ತಂಡಕ್ಕೆ ಹದಿಮೂರು ಜನ. ಚೆಂಡು ಹಿಡಿದು ಓಡುವವನನ್ನು ಕೆಡವಬೇಕು. ನಮ್ಮ ಕಬಡ್ಡಿಯಲ್ಲಿ ಕಾಲು ಹಿಡಿಯುತ್ತಾರಲ್ಲ, ಇಲ್ಲಿ ಓಡಿಬಂದು ಭುಜದಿಂದ ಗುದ್ದುತ್ತಾರೆ.) ಹದಿನೇಳಕ್ಕೆ ಕ್ಲಬ್ಬಿನ ಕಾಂಟ್ರಾಕ್ಟ್ ಸಿಕ್ಕಿದಾಗ ಅಮ್ಮ ಲಾಂಡ್ರಿಯವರಿಗೆಲ್ಲ ಕೇಕ್ ಹಂಚಿದ್ದಳಂತೆ.

ಹದಿನಾಲ್ಕು ವರ್ಷ ಆಡಿದ. ಎದುರಾಳಿಗಳ ಗುಂಪಿನೊಳಗೆ ನೇರ ನುಗ್ಗುವುದೇ ಆತನ ಕೆಲಸ. ತಲೆಗೆ ಪೆಟ್ಟಾದರೆ ಡಾಕ್ಟರ್ ಓಡಿಬಂದು ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದರು. "ಯಾವಾಗಲೂ ಎರಡೇ ಬೆರಳು. ಕಣ್ಣು ಕಾಣದಿದ್ದರೂ ಎರಡು ಅನ್ನುತ್ತಿದ್ದೆ," ಎಂದ. ಎದ್ದು ನಿಂತರೆ ಇಡೀ ಸ್ಟೇಡಿಯಂ ಚಪ್ಪಾಳೆ ಹೊಡೆಯುತ್ತಿತ್ತು.

ಈಗ ಆತನಿಗೆ ನಲವತ್ತೆರಡು. ಈ ಮರೆವು ಆ ಪೆಟ್ಟುಗಳದ್ದೇ ಫಲ, ವಾಸಿಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದು ಇಲ್ಲಿನ ಡಾಕ್ಟರ್ ಹೇಳಿಬಿಟ್ಟಿದ್ದಾರೆ. "ಜೂನ್ ತನಕ ಯಾರಿಗೂ ಹೇಳಬೇಡಿ, ಶಾಂತಿ," ಎಂದು ಕೈ ಮುಗಿದ. ಕೆಲಸ ಹೋದರೆ ವೀಸಾ ಕ್ಯಾನ್ಸಲ್. ಜೂನ್‌ಗೆ ಮುಗಿಯಬೇಕಾದ ಮಗಳ ಶಾಲೆಯ ವರ್ಷ ನಡುವಿನಲ್ಲೇ ಖಲಾಸ್. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನೀವಾದರೂ ಇನ್ನೇನು ಮಾಡುತ್ತಿದ್ದಿರಿ?

ಬುಧವಾರ ನಮ್ಮ ಬಸ್ ಸೂಪರ್‌ವೈಸರ್, ಉಪ್ಪಿನಂಗಡಿಯ ಅಬ್ಬಾಸಣ್ಣ, ಕೌಂಟರಿನ ಒಳಗೇ ಬಂದು ಕುಳಿತರು.

"ಅಕ್ಕ, ನಿನ್ನೆ ದುಬೈ ಮ್ಯಾಚಿಂದ ಹೊರಡುವಾಗ ಮಕ್ಕಳೆಲ್ಲ ಹತ್ತಿದ್ರು ಅಂತ ಕೋಚ್ ಹೇಳಿದ್ರು. ನಂಗೆ ಎಂತದೋ ಸಂಶಯ. ಎಣಿಸಿದ್ರೆ ಒಂದು ಮಗು ಕಮ್ಮಿ. ಅಲ್ಲೇ ಬಾತ್ರೂಮಲ್ಲಿ ಉಂಟು ಮಾರಾಯ್ರೆ! ಈ ಬಿಸಿಲಲ್ಲಿ ಬಿಟ್ಟು ಬಂದಿದ್ರೆ? ಅವರಿಗೆ ಎಂತಾಗಿದೆ, ನಿಮಗೇನಾದ್ರೂ ಗೊತ್ತುಂಟಾ?"

"ಇಲ್ಲಪ್ಪ," ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ಗುರುವಾರ, ಅಂದರೆ ಇವತ್ತು, ಡೀನ್ ಮತ್ತೆ ಬಂದ. ಅತ್ತಿತ್ತ ನೋಡಿದ. "ನಿಮಗೊಂದು ಗುಟ್ಟು ಹೇಳಬೇಕು. ಇಲ್ಲಿ ಯಾರಿಗೂ ಹೇಳಿಲ್ಲ," ಎಂದು ಶುರುಮಾಡಿದ. ಬಿಸ್ಕತ್ತು ಕಾರ್ಖಾನೆ, ಲಾಂಡ್ರಿ, ಕೇಕ್. ಒಂದು ಶಬ್ದವೂ ಆಚೀಚೆ ಆಗಲಿಲ್ಲ. ಮೊದಲ ಸಲ ಕೇಳಿದವಳ ಹಾಗೆ ತಲೆಯಾಡಿಸಿದೆ. ಕೊನೆಗೆ ಆತ ಅದೇ ರೀತಿ ಕೈ ಮುಗಿದ, ನಾನೂ ಅದೇ ಮಾತು ಕೊಟ್ಟೆ. ಆತ ಹೋದ ಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ.

ಬರುವ ಮಂಗಳವಾರ ಮತ್ತೊಂದು ಮ್ಯಾಚ್ ಇದೆ, ಅಬ್ಬಾಸಣ್ಣ ಅವತ್ತು ರಜೆಯಲ್ಲಿರುತ್ತಾರೆ. ಹೇಳಿದರೆ ಒಬ್ಬ ಅಪ್ಪನ ಅನ್ನ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಯಾರ ಮಗುವೋ ಬಿಸಿಲಲ್ಲಿ. ಇದರಲ್ಲಿ ಒಳ್ಳೆಯದು ಯಾವುದು? ಎಷ್ಟು ಯೋಚಿಸಿದರೂ ನನಗೆ ಒಂದೂ ಕಾಣಲಿಲ್ಲ. ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರ ಬಾಗಿಲು ತಟ್ಟುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಹೇಳಿಯಾಗಿರುತ್ತದೆ.

ನಾನು ಕೊಟ್ಟ ಮಾತು ಆತನಿಗೆ ನೆನಪೇ ಇಲ್ಲ ಎಂದ ಮೇಲೆ, ಅದನ್ನು ಮುರಿಯಲು ನನಗೇಕೆ ಇಷ್ಟು ಕಷ್ಟವಾಗುತ್ತಿದೆ?