ಹಿಂದಕ್ಕೆ ಓಡುವ ಅಳಿಯಂದಿರು

ಲಿಂಕೋಪಿಂಗ್ ನಗರದ ಅಂಚಿನ ಫುಟ್‌ಬಾಲ್ ಮೈದಾನಕ್ಕೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ನವೆಂಬರಿನ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿದೆ. ಆರಡಿ ದಾಟಿದ ವ್ಯಕ್ತಿಯೊಬ್ಬರು ಒಂದು ಗೋಲ್‌ನಿಂದ ಇನ್ನೊಂದು ಗೋಲ್‌ವರೆಗೆ ಹಿಂದುಹಿಂದಕ್ಕೆ ಓಡುತ್ತಿದ್ದಾರೆ. ನಾಯಿ ಹಿಡಿದು ವಾಕಿಂಗ್ ಬಂದವರು, ಇವರಿಗೇನು ತಲೆ ನೆಟ್ಟಗಿದೆಯೇ ಎಂಬಂತೆ ನೋಡಿ ಮುಂದೆ ಹೋಗುತ್ತಾರೆ. ನೆಟ್ಟಗೇ ಇದೆ. ವೌಟರ್ ಹೂಕ್‌ಸ್ಟ್ರಾ ಅವರ ಹೊಟ್ಟೆಪಾಡೇ ಇದು.

ನೆದರ್ಲೆಂಡ್ಸ್‌ನ ವೌಟರ್ ಇಲ್ಲಿನ ಎರಡನೇ ದರ್ಜೆಯ ಕ್ಲಬ್ಬೊಂದರ ಡಿಫೆಂಡರ್. ವಯಸ್ಸು ಮೂವತ್ನಾಲ್ಕು. ಹದಿನೇಳರಲ್ಲೇ ಅವರೂರಿನ ದೊಡ್ಡ ಕ್ಲಬ್ಬು ಕಾಲು ನಿಧಾನವೆಂದು ಮನೆಗೆ ಕಳಿಸಿತ್ತು. ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳು, ಎರಡು ಸಲ ಮಂಡಿ ಆಪರೇಷನ್, ಒಂದಿಡೀ ವರ್ಷ ಬರೀ ಬೆಂಚು. ಇಷ್ಟು ವರ್ಷದಲ್ಲಿ ಹೊಡೆದ ಗೋಲು ಎರಡೇ ಎರಡು. ಇಲ್ಲೇ ಎಂಜಿನಿಯರ್ ಆಗಿರುವ ಬೆಂಗಳೂರಿನ ಮಧುಶ್ರೀಯನ್ನು ಮದುವೆಯಾದ ಮೇಲೆ ಕನ್ನಡವನ್ನೂ ತಕ್ಕಮಟ್ಟಿಗೆ ಕಲಿತಿದ್ದಾರೆ.

"ನನ್ ಕಾಲು ಸ್ಲೋನೇ, ಅದು ನಿಜ," ಎನ್ನುತ್ತಾರೆ ಬೆವರು ಒರೆಸಿಕೊಳ್ಳುತ್ತ. "ಅದಕ್ಕೇ ಬಾಲ್ ನೋಡಲ್ಲ, ಎದುರಿಗಿರೋನ ಸೊಂಟ ನೋಡ್ತೀನಿ. ಅವನು ಎಲ್ಲಿಗೆ ಹೋಗ್ತಾನೆ ಅಂತ ಅಲ್ಲೇ ಗೊತ್ತಾಗುತ್ತೆ."

ಕಳೆದ ಶನಿವಾರ ಋತುವಿನ ಕೊನೆಯ ಪಂದ್ಯ. ಡ್ರಾ ಆದರೂ ಸಾಕು, ಸೋತರೆ ಕ್ಲಬ್ಬು ಕೆಳದರ್ಜೆಗೆ. ಹಾಗೇನಾದರೂ ಆದರೆ ಹೊರದೇಶದವರನ್ನು ಇಟ್ಟುಕೊಳ್ಳುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಈ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ?

ಮಗಳ ಮನೆಗೆ ಬಂದಿದ್ದ ಬದರಿನಾಥ ಅಂದು ಮೊದಲ ಬಾರಿಗೆ ಅಳಿಯನ ಆಟ ನೋಡಲು ಕೂತಿದ್ದರು. ಅವರು ಹುಟ್ಟಾ ಕ್ರಿಕೆಟ್ ಮನುಷ್ಯ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ವೌಟರ್ ತಂಡಕ್ಕೆ ಕಾರ್ನರ್ ಸಿಕ್ಕಿತು. ಎತ್ತರದವರೆಲ್ಲ ಮುಂದೆ ನುಗ್ಗಿದರು. ವೌಟರ್ ಮಾತ್ರ ಮೈದಾನದ ನಡುವೆಯೇ ನಿಂತರು. ಮಂಕಿ ಕ್ಯಾಪ್ ತೊಟ್ಟ ಮಾವನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿಯೇಬಿಟ್ಟರು: "ಅಳಿಯಂದ್ರೇ, ಮುಂದೆ ಹೋಗ್ರೀ! ಒಂದಾದ್ರೂ ಹೊಡೀರಿ!"

ಅಳಿಯಂದಿರು ಕದಲಲಿಲ್ಲ. ಕಾರ್ನರ್ ವ್ಯರ್ಥವಾಗಿ, ಎದುರಾಳಿಗಳ ಚಿಗರೆಯಂಥ ಫಾರ್ವರ್ಡ್ ಚೆಂಡು ಸಮೇತ ಓಡಿಬಂದ. ಅವನಿಗೂ ಗೋಲ್‌ಕೀಪರ್‌ಗೂ ನಡುವೆ ಇದ್ದದ್ದು ವೌಟರ್ ಒಬ್ಬರೇ. ಅವರು ಮೇಲೆ ಬೀಳಲಿಲ್ಲ. ಹಿಂದಕ್ಕೆ ಓಡುತ್ತ, ಒಳದಾರಿ ಮುಚ್ಚುತ್ತ, ಅವನನ್ನು ಮೈದಾನದ ಅಂಚಿಗೆ ತಳ್ಳುತ್ತ ಹೋದರು. ಅವನು ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಇವರು ಮೋಸಹೋಗಲಿಲ್ಲ. ಅಷ್ಟರಲ್ಲಿ ಉಳಿದವರು ಓಡಿಬಂದು ಚೆಂಡನ್ನು ಆಚೆ ಅಟ್ಟಿದರು. ಕೊನೆಯ ಸೀಟಿ ಮೊಳಗಿತು. ಡ್ರಾ. ಕ್ಲಬ್ಬೂ ಉಳಿಯಿತು, ವೌಟರ್ ಕೆಲಸವೂ ಉಳಿಯಿತು.

"ನಾನೊಬ್ಬ ಸುಮ್ನೆ ಅರಚಿದೆ," ಎಂದು ಬದರಿನಾಥ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ನನ್ ಮಾತು ಕೇಳಿ ಹೋಗಿದ್ದಿದ್ರೆ ಕಥೆ ಮುಗೀತಿತ್ತು." ಅಂದು ಪಾರ್ಕಿಂಗ್‌ವರೆಗೆ ಅಳಿಯನ ಕಿಟ್ ಬ್ಯಾಗು ಅವರ ಹೆಗಲಲ್ಲೇ ಇತ್ತು. ಕೊಡಿ ಎಂದರೂ ಕೊಡಲಿಲ್ಲವಂತೆ.

ಮರುದಿನದ ಪತ್ರಿಕೆಯಲ್ಲಿ ಗೋಲ್‌ಕೀಪರ್‌ನ ದೊಡ್ಡ ಫೋಟೊ ಬಂತು. ಬದರಿನಾಥ ಕನ್ನಡಕ ಏರಿಸಿ ಪುಟಗಳನ್ನೆಲ್ಲ ತಡಕಿದರು. ವೌಟರ್ ಹೆಸರು ಒಂದು ಕಡೆಯೂ ಇಲ್ಲ. ಅವರಿಗೆ ನಿಜಕ್ಕೂ ಸಂಕಟವಾಯಿತು.

ವೌಟರ್ ಕಾಫಿ ಹೀರುತ್ತ ನಕ್ಕರು. "ಹೊಡೆದ ಗೋಲು ಪೇಪರ್‌ನಲ್ಲಿ ಬರುತ್ತೆ, ಮಾವ. ಆ ಹುಡುಗ ಹೊಡೀದೇ ಹೋದ ಗೋಲು ಎಲ್ಲೂ ಬರಲ್ಲ. ಅದು ನಂದು."