ತಟ್ಟೆ ಹಿಡಿದು ಒಳಬಂದವಳು

ಆ ಹೆಂಗಸನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ದುಬೈಯಲ್ಲಿ ನಮ್ಮ ಕಡೆಯವರ ಸಂಘವೊಂದಿತ್ತು. ವರ್ಷಕ್ಕೊಮ್ಮೆ ನಾಟಕ ಆಡುತ್ತಿದ್ದೆವು. ನಾಟಕ ಬರೆಯುವುದು, ಪಾತ್ರ ಹಂಚುವುದು, ಬೈಯುವುದು ಎಲ್ಲವೂ ಅವಳದೇ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಆ ವರ್ಷ ಶ್ರೀಮಂತ ಮನೆಯ ಯಜಮಾನಿಯ ಪಾತ್ರ ನನಗೆ ಎಂದು ಫೋನಿನಲ್ಲಿ ಅವಳೇ ಹೇಳಿದ್ದಳು. ಮೂರು ವಾರ ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ ಮಾತುಗಳನ್ನು ಬಾಯಿಪಾಠ ಮಾಡಿದೆ. ಅಲ್ ನಹ್ದಾದ ಅವಳ ಫ್ಲ್ಯಾಟಿನಲ್ಲಿ ರಿಹರ್ಸಲ್ ಶುರುವಾದ ಶುಕ್ರವಾರ, ಎಲ್ಲರೆದುರಿಗೆ ನನ್ನ ಗದ್ದ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದಳು.

“ನೀನು ಆ್ಯಕ್ಟಿಂಗ್ ಚಂದ ಮಾಡ್ತಿ ಮಾರಾಯ್ತಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಯಜಮಾನಿ ಅಂದ್ರೆ ಸ್ಟೇಜಿನ ಲೈಟಿಗೆ ಸ್ವಲ್ಪ ಬೆಳ್ಳಗೆ ಕಾಣ್ಬೇಕಲ್ವಾ? ಅದು ನಾನೇ ಮಾಡ್ತೇನೆ. ಕೆಲಸದವಳ ಪಾರ್ಟ್ ಉಂಟು, ನೀನು ಮಾಡು. ನಿಂಗೆ ಮೇಕಪ್ಪೇ ಬೇಡ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನಿಸುತ್ತದೆ. ನಗದೆ ಇದ್ದವಳು ಒಬ್ಬಳೇ, ನನ್ನ ಮೊಣಕಾಲಿಗೆ ಆತುಕೊಂಡು ಜ್ಯೂಸ್ ಹೀರುತ್ತಿದ್ದ ಏಳು ವರ್ಷದ ಮಗಳು. ಬಣ್ಣದಲ್ಲಿ ಅವಳು ನನ್ನ ಪಡಿಯಚ್ಚು.

ಆಗ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ಮಗಳು ಶಾಲೆಗೆ ಹೊರಟು ನಿಂತಿದ್ದಳು. ಮುಖದ ತುಂಬ ಪೌಡರ್, ಹುಬ್ಬಿನ ಮೇಲೂ ಪೌಡರ್. ಏನಿದು ಎಂದು ಕೇಳಿದರೆ ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಹೇಳಿದಳು: “ಮಮ್ಮಿ, ಐ ಡೋಂಟ್ ವಾಂಟ್ ಟು ಬಿ ದ ಮೇಡ್.”

ನನಗೆ ಅಂದ ಮಾತಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆನೋ ಏನೋ. ಮಗಳ ತಲೆಯೊಳಗೆ ಇದನ್ನು ತುಂಬಿದವಳನ್ನು ಸುಮ್ಮನೆ ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಕಲಿಸಿದ್ದು ಒಂದು ದರಿದ್ರ ಸಿನಿಮಾ. ನಮ್ಮ ಕಟ್ಟಡದ ಕೆಳಗಿದ್ದ ವಿಡಿಯೋ ಅಂಗಡಿ ಮುಚ್ಚುವಾಗ ಗಂಡ ಒಂದು ಚೀಲ ಡಿವಿಡಿ ತಂದುಹಾಕಿದ್ದರು. ಮುಂದಿನ ಶುಕ್ರವಾರ ಅವರು ಬಂಗುಡೆ ಸಾರಿನಲ್ಲಿ ಉಂಡು ಗೊರಕೆ ಹೊಡೆಯುತ್ತಿದ್ದಾಗ ಮಗಳು ಒಂದನ್ನು ಎತ್ತಿಕೊಟ್ಟಳು. ಕವರಿನ ಮೇಲೆ ಹಳದಿ ಬೆಲ್‌ಬಾಟಮ್ ತೊಟ್ಟ ಕಪ್ಪು ಹೆಂಗಸು, ಕೈಯಲ್ಲಿ ಬಂದೂಕು, ತಲೆಯ ಮೇಲೆ ಕೊಡೆಯಷ್ಟು ದೊಡ್ಡ ಗುಂಗುರು ಕೂದಲು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಪ್ಪು ಜನರನ್ನೇ ನಾಯಕ ನಾಯಕಿ ಮಾಡಿ ಅಗ್ಗದಲ್ಲಿ ತೆಗೆದ ಇಂಥ ಕ್ರೈಂ ಸಿನಿಮಾಗಳಿಗೆ ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು.

ಎಷ್ಟು ಅಗ್ಗವೆಂದರೆ, ಬಾಗಿಲು ಹಾಕಿದರೆ ಗೋಡೆ ಅಲ್ಲಾಡುತ್ತಿತ್ತು. ಮಾತಾಡುವವರ ತಲೆಯ ಮೇಲೆ ಮೈಕು ಇಣುಕಿ ಮಾಯವಾಗುತ್ತಿತ್ತು. ಗುದ್ದು ಮುಖದಿಂದ ಒಂದು ಗೇಣು ದೂರದಲ್ಲೇ ಹಾದುಹೋದರೂ ಢಿಶುಂ ಎಂಬ ಸದ್ದು ಬಂದು, ಪೆಟ್ಟು ತಿಂದವನು ಯೋಚಿಸಿ ಆಮೇಲೆ ಬೀಳುತ್ತಿದ್ದ. ಸತ್ತವನ ಕಣ್ಣೆವೆ ಪಟಪಟ ಬಡಿದದ್ದನ್ನು ಮಗಳೇ ಮೊದಲು ಕಂಡುಹಿಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಆ ಹೆಂಗಸು ತೆರೆಯ ಮೇಲೆ ಬಂದಾಗ ನಗು ನಿಲ್ಲುತ್ತಿತ್ತು. ನನಗಿಂತ ಒಂದು ಪಾಲು ಹೆಚ್ಚೇ ಕಪ್ಪು, ಮುಖದಲ್ಲಿ ಎಣ್ಣೆಯ ಹೊಳಪು. ಆ ಕ್ಯಾಮೆರಾಗೆ ಅವಳನ್ನು ಬಿಟ್ಟರೆ ಬೇರೇನೂ ಬೇಕಿರಲಿಲ್ಲ.

ತಮ್ಮನನ್ನು ಕೊಂದವರನ್ನು ಅವಳು ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ. ಕೊನೆಗೆ ಉಳಿದವನದು ಕಾವಲಿರುವ ಬಂಗಲೆ. ಅಲ್ಲಿಗೆ ಅವಳು ಕೆಲಸದವಳ ವೇಷದಲ್ಲಿ, ತಟ್ಟೆಯಲ್ಲಿ ಪಾನೀಯ ಹಿಡಿದು, ಮುಂಬಾಗಿಲಿನಿಂದಲೇ ನಡೆದುಬರುತ್ತಾಳೆ. ಕೆಲಸದವಳ ಮುಖವನ್ನು ಯಾರು ನೋಡುತ್ತಾರೆ? “ಈಸ್ ಶಿ ದ ಮೇಡ್?” ಎಂದು ಮಗಳು ಸಪ್ಪೆ ಮುಖ ಮಾಡಿದಳು. ತಾಳು, ನೋಡುತ್ತಿರು ಎಂದೆ. ಮರುಕ್ಷಣ ತಟ್ಟೆ ಹಾರಿತು, ಗೋಡೆ ಮತ್ತೆ ಅಲ್ಲಾಡಿತು, ಮಗಳು ಸೋಫಾದ ಮೇಲೆ ನಿಂತು ಚಪ್ಪಾಳೆ ಹೊಡೆದಳು.

ನಾನು ಎದ್ದು ನಾಟಕದ ಹಸ್ತಪ್ರತಿ ತೆಗೆದೆ. ಕೆಲಸದವಳು ಕಾಫಿ ತರುವ ದೃಶ್ಯದ ಪಕ್ಕದಲ್ಲಿ ಅಕ್ಕನ ಕೈಬರಹವಿತ್ತು: ಇಲ್ಲಿ ಕೆಲಸದವಳು ಸ್ವಲ್ಪ ಹಾಸ್ಯ ಮಾಡುವುದು. ನಮ್ಮ ಕರಾವಳಿಯ ನಾಟಕ ನೋಡಿದವರಿಗೆ ಇದರ ಅರ್ಥ ಗೊತ್ತು. ಹಾಸ್ಯದ ಪಾತ್ರಕ್ಕೆ ಬರೆದ ಮಾತಿನ ಹಂಗಿಲ್ಲ. ವೇದಿಕೆಯ ಮೇಲೆ ಏನು ಬೇಕಾದರೂ ಅನ್ನಬಹುದು. ಎದುರಿಗಿದ್ದವರು ಆಗಲೇ ತಿರುಗಿ ಕೊಡಬೇಕು, ಇಲ್ಲವೆಂದರೆ ಮಾನ ಕಳೆದುಕೊಳ್ಳಬೇಕು, ಆಮೇಲೆ ಜಗಳ ತೆಗೆಯುವ ಹಾಗಿಲ್ಲ. ಸೇಡಿನ ಲೈಸೆನ್ಸನ್ನು ಅವಳೇ ಸಹಿ ಹಾಕಿ ನನಗೆ ಕೊಟ್ಟಿದ್ದಳು.

ರಿಹರ್ಸಲ್ಲಿನಲ್ಲೆಲ್ಲ ನಾನು ಹಸುವಿನ ಹಾಗಿದ್ದೆ. ಹೇಳಿದಷ್ಟೇ ಹೇಳಿದೆ. “ನೋಡಿ, ಎಷ್ಟು ಪಾಪದವಳು,” ಎಂದು ಅಕ್ಕ ಮೆಚ್ಚಿಕೊಂಡಳು.

ನಾಟಕದ ದಿನ ಬಾಡಿಗೆಗೆ ಹಿಡಿದ ಶಾಲೆಯ ಹಾಲ್ ಭರ್ತಿಯಾಗಿತ್ತು. ಮೇಕಪ್ಪಿನವರು ಅಕ್ಕನ ಮುಖಕ್ಕೆ ಗುಲಾಬಿ ಬಣ್ಣವನ್ನು ಗೋಡೆಗೆ ಬಳಿದ ಹಾಗೆ ಬಳಿದಿದ್ದರು. “ಕುತ್ತಿಗೆಗೆ ಸ್ವಲ್ಪ ಹಾಕ್ತೇನೆ ಅಕ್ಕ,” ಎಂದು ಅವರು ಸ್ಪಂಜು ಎತ್ತಿದರೆ, “ಯಲ್ಲಾ ಯಲ್ಲಾ, ಸಾಕು, ಟೈಮಾಯ್ತು,” ಎಂದು ಅರಬ್ಬಿ ಬೆರೆಸಿ ಅವಸರ ಮಾಡುತ್ತ ಎದ್ದೇಬಿಟ್ಟಳು. ಗದ್ದದ ಕೆಳಗೆ ಗೆರೆ ಎಳೆದ ಹಾಗೆ ಗುಲಾಬಿ ಮುಗಿದು ಅವಳ ಸ್ವಂತ ಬಣ್ಣ ಶುರುವಾಗುತ್ತಿತ್ತು. ಅದು ಹೆಚ್ಚುಕಡಿಮೆ ನನ್ನದೇ ಬಣ್ಣ. ಇಷ್ಟು ವರ್ಷ ನಾನು ಅದನ್ನು ನೋಡೇ ಇರಲಿಲ್ಲ.

ಕಾಫಿಯ ದೃಶ್ಯಕ್ಕೆ ಮೊದಲು ಸೈಡಿನಲ್ಲಿ ನಿಂತು ತುರುಬು ಬಿಚ್ಚಿದೆ. ಎಣ್ಣೆ ಹಾಕಿ ಬಿಗಿದು ಕಟ್ಟು ಎಂದು ಅವಳು ಅಪ್ಪಣೆ ಕೊಟ್ಟಿದ್ದ ಗುಂಗುರು ಕೂದಲು ಭುಜದ ತುಂಬ ಹರಡಿತು. ತಟ್ಟೆ ಹಿಡಿದು ನಡುವೇದಿಕೆಗೆ ನಡೆದೆ. ಅವಳನ್ನು ಮೇಲಿಂದ ಕೆಳಗೆ ನೋಡಿದೆ, ಗದ್ದದ ಕೆಳಗಿನ ಗೆರೆಯ ಮೇಲೆ ಕಣ್ಣು ನಿಲ್ಲಿಸಿದೆ.

“ಅಮ್ಮಾ, ಮುಖಕ್ಕೆ ಮಾತ್ರ ವೀಸಾ ಸಿಕ್ಕಿದ್ದಾ? ಕುತ್ತಿಗೆ ಇನ್ನೂ ಊರಲ್ಲೇ ಉಂಟಾ?”

ಹಾಲ್ ಹಾರಿಹೋಗುವಂಥ ನಗು. ಅವಳ ಕೈ ಗದ್ದಕ್ಕೆ ಹೋಯಿತು. ನಾನು ಬಿಡಲಿಲ್ಲ. “ಹೆದರ್ಬೇಡಿ ಅಮ್ಮ, ಅದನ್ನೂ ವಿಸಿಟ್ ವೀಸಾದಲ್ಲಿ ಕರೆಸುವ.” ಅವಳು ಸೆರಗೆಳೆದು ಕುತ್ತಿಗೆ ಮುಚ್ಚಿಕೊಂಡಳು. ಅದಕ್ಕೆ ಇನ್ನೂ ಜೋರು ನಗು. ಅವಳ ಕಣ್ಣಿನಿಂದ ನೀರಿಳಿದು ಗುಲಾಬಿಯ ನಡುವೆ ಎರಡು ಕಪ್ಪು ದಾರಿ ಬಿತ್ತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೆರಿಗೆಯ ದಿನ ಬಿಟ್ಟರೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬರುವಾಗ ಗಂಡ ಸ್ಟಿಯರಿಂಗ್ ಬಡಿದು ಬಡಿದು ನಕ್ಕರು. ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು, ನಿದ್ದೆ ಬಂದಿದೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ರೂಮಿಗೆ ಹೋದೆ. ಅವಳು ಕನ್ನಡಿಯ ಮುಂದೆ ಯೂನಿಫಾರ್ಮಿನ ಮೇಲಿನ ಎರಡು ಗುಂಡಿ ಬಿಚ್ಚಿ ನಿಂತಿದ್ದಳು. ಮುಖಕ್ಕೆ ಪೌಡರ್ ಆಗಲೇ ಹಾಕಿ ಆಗಿತ್ತು. ಈಗ ಕುತ್ತಿಗೆಗೆ ಮೆತ್ತುತ್ತಿದ್ದಳು, ಮುಂದೆ, ಪಕ್ಕದಲ್ಲಿ, ಕೈಗೆಟಕಿದಷ್ಟು ಹಿಂದೆ.

“ನೆಕ್ ಟೂ, ಮಮ್ಮಿ,” ಎಂದಳು. “ಅದರ್‌ವೈಸ್ ಎವ್ರಿಬಡಿ ವಿಲ್ ಲಾಫ್.”

ಆ ಸಿನಿಮಾದವಳು ಬಂಗಲೆಯಲ್ಲಿ ಗುಂಡು ಹಾರಿಸಿದಳು, ಬೆಂಕಿ ಹಚ್ಚಿದಳು, ಆದರೆ ಯಾರ ಬಣ್ಣವನ್ನೂ ತೋರಿಸಿ ನಗಿಸಲಿಲ್ಲ. ಡಬ್ಬಿ ಹಿಡಿದು ನಿಂತಾಗ ಅದು ನನಗೆ ಹೊಳೆಯಿತು. ಕೆಳಗೆ ಸ್ಕೂಲ್ ಬಸ್ಸು ಹಾರ್ನ್ ಹೊಡೆಯಿತು. ಅವಳು ಗುಂಡಿ ಹಾಕಿಕೊಂಡು ಡಬ್ಬಿ ಇಸಿದುಕೊಂಡಳು, ಪೌಡರ್ ಉದುರದ ಹಾಗೆ ಕುತ್ತಿಗೆ ಅಲುಗಿಸದೆ ಮೆಲ್ಲಗೆ ಲಿಫ್ಟಿನ ಕಡೆ ನಡೆದಳು.